ಕಬ್ಬಿಣದ ಪಟ್ಟಿ ಕಳಚಿಟ್ಟ ಕಾಲು: ಓಟಗಾರ್ತಿ ವಿಲ್ಮಾ ರುಡಾಲ್ಫ್

ನಮ್ಮ ಪ್ರೌಢಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆಗೆ ಒಬ್ಬ ಸಾಧಕರ ಜೀವನಚಿತ್ರ ಬರೆದುಕೊಡಬೇಕೆಂದು ಸಂಪಾದಕ ಸಮಿತಿಯವರು ಕೇಳಿದರು. ಕವಿಗಳ ಬಗ್ಗೆ, ಸ್ವಾತಂತ್ರ್ಯ ಹೋರಾಟಗಾರರ ಬಗ್ಗೆ, ವಿಜ್ಞಾನಿಗಳ ಬಗ್ಗೆ ಬರೆಯಲು ನಮ್ಮ ಶಾಲೆಯಲ್ಲಿ ನನಗಿಂತ ತಿಳಿದವರು ಬೇಕಾದಷ್ಟು ಜನ ಇದ್ದಾರೆ. ನಾನು ಪಿ.ಟಿ. ಮೇಷ್ಟ್ರಾಗಿದ್ದವನು. ಸೀಟಿ, ಸುಣ್ಣದ ಡಬ್ಬಿ, ಅಳತೆಯ ಟೇಪು ಇವುಗಳ ನಡುವೆಯೇ ನನ್ನ ಸೇವಾವಧಿ ಕಳೆಯಿತು. ಹಾಗಾಗಿ ಓಟದ ಒಬ್ಬ ಹೆಣ್ಣುಮಗಳನ್ನು ಆರಿಸಿಕೊಂಡಿದ್ದೇನೆ. ಆಕೆ ನಮ್ಮ ದೇಶದವಳಲ್ಲ, ಅಮೆರಿಕಾದವಳು. ತೀರಿಕೊಂಡು ಮೂವತ್ತು ವರ್ಷ ಕಳೆದಿವೆ. ಆದರೂ ನಮ್ಮ ಹೋಬಳಿ ಮಟ್ಟದ ಕ್ರೀಡಾಕೂಟದಲ್ಲಿ ಬರಿಗಾಲಲ್ಲಿ ಓಡುವ ಹುಡುಗಿಯರನ್ನು ನೋಡಿದಾಗಲೆಲ್ಲ ನನಗೆ ನೆನಪಾಗುತ್ತಿದ್ದದ್ದು ಈಕೆಯೇ. ಹೆಸರು ವಿಲ್ಮಾ ರುಡಾಲ್ಫ್.

ವಿಲ್ಮಾ ಹುಟ್ಟಿದ್ದು 1940ರ ಜೂನ್ 23ರಂದು, ಅಮೆರಿಕಾದ ದಕ್ಷಿಣ ಭಾಗದ ಟೆನೆಸೀ ರಾಜ್ಯದಲ್ಲಿ, ಕ್ಲಾರ್ಕ್ಸ್‌ವಿಲ್ ಎಂಬ ಪಟ್ಟಣದ ಹತ್ತಿರ. ದಿನ ತುಂಬದೆ ಹುಟ್ಟಿದ ಮಗು. ತೂಕ ಸುಮಾರು ಎರಡು ಕೆ.ಜಿ. ತಂದೆ ಎಡ್ ರುಡಾಲ್ಫ್ ರೈಲ್ವೆಯಲ್ಲಿ ಪೋರ್ಟರ್ ಕೆಲಸ ಮಾಡುತ್ತಿದ್ದರು, ಜೊತೆಗೆ ಸಿಕ್ಕ ಕೂಲಿ ಕೆಲಸವನ್ನೂ ಮಾಡುತ್ತಿದ್ದರು. ತಾಯಿ ಬ್ಲಾಂಚ್ ಬಿಳಿಯರ ಮನೆಗಳಲ್ಲಿ ಮನೆಗೆಲಸ ಮಾಡುತ್ತಿದ್ದರು. ತಂದೆಯ ಎರಡು ಮದುವೆಗಳಿಂದ ಹುಟ್ಟಿದ ಇಪ್ಪತ್ತೆರಡು ಮಕ್ಕಳಲ್ಲಿ ವಿಲ್ಮಾ ಇಪ್ಪತ್ತನೆಯವಳು. ಇಪ್ಪತ್ತೆರಡು ಮಕ್ಕಳ ಮನೆಯಲ್ಲಿ ಒಂದು ರೋಗಿಷ್ಟ ಮಗುವಿನ ಪಾಡೇನು ಎಂದು ಯಾರಿಗಾದರೂ ಅನ್ನಿಸುತ್ತದೆ. ಆ ಮಗು ಬದುಕಿದ್ದು, ಎದ್ದು ನಿಂತದ್ದು ಆ ಇಪ್ಪತ್ತೆರಡು ಮಕ್ಕಳಿಂದಲೇ ಎಂಬುದನ್ನು ಮುಂದೆ ಹೇಳುತ್ತೇನೆ.

ಆ ಕುಟುಂಬ ಕಪ್ಪು ಜನರದು. ಆ ಕಾಲದಲ್ಲಿ ಅಲ್ಲಿ ಕಪ್ಪು ಮಕ್ಕಳಿಗೆ ಬೇರೆ ಶಾಲೆ, ಬಿಳಿ ಮಕ್ಕಳಿಗೆ ಬೇರೆ ಶಾಲೆ. ಬಸ್ಸಿನಲ್ಲಿ ಕಪ್ಪು ಜನ ಹಿಂದೆ ಕೂರಬೇಕು. ಊಟದ ಹೋಟೆಲು, ಕುಡಿಯುವ ನೀರಿನ ನಲ್ಲಿ, ಆಸ್ಪತ್ರೆ ಎಲ್ಲವೂ ಬೇರೆ ಬೇರೆ. ನಮ್ಮ ಊರುಗಳ ಹೋಟೆಲಿನಲ್ಲಿ ಕೆಲವರಿಗೆ ಬೇರೆ ಲೋಟ ಇಡುತ್ತಿದ್ದ ಕಾಲವನ್ನು ಕಂಡಿರುವ ಹಿರಿಯರಿಗೆ ಇದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ವಿಲ್ಮಾಳಿಗೆ ಸಣ್ಣ ವಯಸ್ಸಿನಲ್ಲೇ ಒಂದರ ಮೇಲೊಂದು ಕಾಯಿಲೆ. ನ್ಯುಮೋನಿಯಾ ಬಂತು, ಸ್ಕಾರ್ಲೆಟ್ ಜ್ವರ ಬಂತು, ಕೊನೆಗೆ ಪೋಲಿಯೊ ತಗುಲಿತು. ಪೋಲಿಯೊಗೆ ಲಸಿಕೆ ಬಳಕೆಗೆ ಬಂದದ್ದು 1955ರಲ್ಲಿ. ಇವಳಿಗೆ ರೋಗ ಬಂದದ್ದು ಅದಕ್ಕೂ ಸುಮಾರು ಹತ್ತು ವರ್ಷ ಮೊದಲು. ಎಡಗಾಲು ಸೊರಗಿ ಹೋಯಿತು, ಪಾದ ಒಳಕ್ಕೆ ತಿರುಚಿಕೊಂಡಿತು. ನಮ್ಮ ಊರುಗಳಲ್ಲೂ ಪೋಲಿಯೊ ಬಂದ ಕಾಲನ್ನು ಎಳೆಯುತ್ತಾ ಶಾಲೆಗೆ ಬರುತ್ತಿದ್ದ ಮಕ್ಕಳಿದ್ದರು. ಹನಿ ಹಾಕಿಸಿಕೊಂಡು ಬೆಳೆದ ಈಗಿನ ಮಕ್ಕಳಿಗೆ ಆ ನೋಟ ಗೊತ್ತಿಲ್ಲ. ನಮ್ಮ ದೇಶ ಪೋಲಿಯೊಮುಕ್ತ ಎಂದು ಪ್ರಮಾಣಪತ್ರ ಸಿಕ್ಕಿದ್ದು 2014ರಲ್ಲಿ, ತೀರಾ ಇತ್ತೀಚೆಗೆ.

ಕಪ್ಪು ಜನರಿಗೆ ಚಿಕಿತ್ಸೆ ಕೊಡುತ್ತಿದ್ದ ಮೆಹಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದ್ದದ್ದು ನ್ಯಾಶ್‌ವಿಲ್ ನಗರದಲ್ಲಿ, ಸುಮಾರು 80 ಕಿ.ಮೀ. ದೂರದಲ್ಲಿ. ತಾಯಿ ಬ್ಲಾಂಚ್ ವಾರಕ್ಕೊಮ್ಮೆ ಮಗಳನ್ನು ಕರೆದುಕೊಂಡು ಬಸ್ಸು ಹತ್ತುತ್ತಿದ್ದರು, ಹಿಂದಿನ ಸೀಟಿನಲ್ಲಿ ಕುಳಿತು ಹೋಗಿ ಬರುತ್ತಿದ್ದರು. ಹೀಗೆ ಎರಡು ವರ್ಷ. ದಿನಗೂಲಿಯಂತೆ ಮನೆಗೆಲಸ ಮಾಡುವ ಹೆಂಗಸಿಗೆ ವಾರದಲ್ಲಿ ಒಂದು ದಿನ ತಪ್ಪಿಸುವುದೆಂದರೆ ಏನೆಂಬುದು ನಮ್ಮ ತಾಯಂದಿರಿಗೆ ಗೊತ್ತು. ಆಸ್ಪತ್ರೆಯವರು ಕಾಲಿಗೆ ನೀವುವ ಕ್ರಮವನ್ನು ತಾಯಿಗೆ ಕಲಿಸಿಕೊಟ್ಟರು. ತಾಯಿ ಅದನ್ನು ದೊಡ್ಡ ಮಕ್ಕಳಿಗೆ ಕಲಿಸಿದರು. ಸರದಿಯ ಮೇಲೆ ಅಣ್ಣಂದಿರು, ಅಕ್ಕಂದಿರು ದಿನಕ್ಕೆ ನಾಲ್ಕು ಸಲ ಆ ಕಾಲನ್ನು ನೀವಿದರು. ಅವಳ ಕಾಲಿಗೆ ಶಕ್ತಿ ಬಂದದ್ದು ಈ ಕೈಗಳಿಂದ. ಅವಳ ಕಥೆಯನ್ನು ಪವಾಡವೆಂದು ಹೇಳುವವರನ್ನು ನಾನು ಒಪ್ಪುವುದಿಲ್ಲ. ದಿನಕ್ಕೆ ನಾಲ್ಕು ಸಲದಂತೆ ವರ್ಷಗಟ್ಟಲೆ ಮಾಡಿದ ಕೆಲಸಕ್ಕೆ ಪವಾಡ ಎನ್ನುವುದು ಆ ಮನೆಯವರಿಗೆ ಅನ್ಯಾಯ.

ಕಾಲಿಗೆ ಕಬ್ಬಿಣದ ಪಟ್ಟಿ ಕಟ್ಟಿದ್ದರು. ಬೆಳಿಗ್ಗೆ ಹಾಕಿದರೆ ರಾತ್ರಿ ಮಲಗುವಾಗ ತೆಗೆಯಬೇಕು. ಈ ಕಾರಣಕ್ಕೆ ಏಳು ವರ್ಷದವರೆಗೆ ಶಾಲೆಗೆ ಕಳಿಸಲಿಲ್ಲ, ಮನೆಯಲ್ಲೇ ಪಾಠ. ಮನೆಯಲ್ಲಿ ದೊಡ್ಡವರಿಲ್ಲದಾಗ ಅವಳು ಪಟ್ಟಿ ಬಿಚ್ಚಿಟ್ಟು ನಡೆಯಲು ಅಭ್ಯಾಸ ಮಾಡುತ್ತಿದ್ದಳು. ಒಂದು ಭಾನುವಾರ ಪಟ್ಟಿಯಿಲ್ಲದೆ ಎಲ್ಲರೆದುರು ಚರ್ಚಿನೊಳಗೆ ನಡೆದು ಹೋದಳು. ಆಮೇಲೂ ಕೆಲವು ಕಾಲ ಆಗಾಗ ಪಟ್ಟಿ, ವಿಶೇಷ ಬೂಟು ಬೇಕಾಗುತ್ತಿದ್ದವು. ಹನ್ನೆರಡನೆಯ ವಯಸ್ಸಿಗೆ ಅವೆಲ್ಲ ತಪ್ಪಿದವು. ತಾಯಿ ಆ ಪಟ್ಟಿಯನ್ನು ಡಬ್ಬಿಯಲ್ಲಿ ಕಟ್ಟಿ ಅಂಚೆಯಲ್ಲಿ ನ್ಯಾಶ್‌ವಿಲ್ ಆಸ್ಪತ್ರೆಗೆ ವಾಪಸು ಕಳಿಸಿಬಿಟ್ಟರು.

ಬರ್ಟ್ ಹೈಸ್ಕೂಲು ಕ್ಲಾರ್ಕ್ಸ್‌ವಿಲ್‌ನ ಕಪ್ಪು ಮಕ್ಕಳ ಶಾಲೆ. ಅಲ್ಲಿ ಅವಳ ಅಕ್ಕ ಇವಾನ್ ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದಳು. ವಿಲ್ಮಾ ತಂಡಕ್ಕೆ ಸೇರಿದ್ದು ಹೇಗೆಂದರೆ, ದೊಡ್ಡ ಮಗಳನ್ನು ಪರವೂರಿನ ಪಂದ್ಯಗಳಿಗೆ ಕಳಿಸಬೇಕಾದರೆ ಚಿಕ್ಕವಳೂ ಜೊತೆಗೆ ಹೋಗಬೇಕು ಎಂದು ತಂದೆ ತರಬೇತುದಾರರಿಗೆ ಷರತ್ತು ಹಾಕಿದರು. ಇದನ್ನು ಮೊದಲ ಸಲ ಓದಿದಾಗ ನನಗೆ ನಗು ಬಂತು. ನನ್ನ ಎದುರು ಇದೇ ಷರತ್ತು ಹಾಕಿದ ತಂದೆಯರು ನಮ್ಮೂರಲ್ಲಿ ಎಷ್ಟು ಜನ! ತಾಲ್ಲೂಕು ಮಟ್ಟದ ಖೋಖೋಗೆ ಅಕ್ಕನ ಜೊತೆ ಕಾವಲಿಗೆಂದು ಬಂದ ತಂಗಿಯರು ಮುಂದೆ ಅಕ್ಕನಿಗಿಂತ ಚೆನ್ನಾಗಿ ಆಡಿದ್ದೂ ಉಂಟು. ವಿಲ್ಮಾಳನ್ನು ಮೊದಲ ಕೆಲವು ವರ್ಷ ಬೆಂಚಿನ ಮೇಲೆಯೇ ಕೂರಿಸಿದರು. ಆಡಲು ಬಿಟ್ಟ ಮೇಲೆ ಒಂದೇ ಋತುವಿನಲ್ಲಿ 803 ಅಂಕ ಗಳಿಸಿದಳು. ಸದಾ ಅಂಗಣದ ತುಂಬ ಗುಂಯ್‌ಗುಟ್ಟುತ್ತಾ ಅಡ್ಡಾಡುತ್ತಾಳೆಂದು ತರಬೇತುದಾರ ಕ್ಲಿಂಟನ್ ಗ್ರೇ ಅವಳಿಗೆ ಸೊಳ್ಳೆ ಎಂಬ ಅರ್ಥದ ಅಡ್ಡಹೆಸರಿಟ್ಟರು. ಜೀವನಪೂರ್ತಿ ಅದೇ ಹೆಸರು ನಿಂತಿತು.

ಒಂದು ಪಂದ್ಯದಲ್ಲಿ ತೀರ್ಪುಗಾರರಾಗಿ ಬಂದಿದ್ದವರು ಎಡ್ ಟೆಂಪಲ್. ಟೆನೆಸೀ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರದ ಅಧ್ಯಾಪಕರು, ಜೊತೆಗೆ ಹೆಣ್ಣುಮಕ್ಕಳ ಓಟದ ತಂಡದ ತರಬೇತುದಾರರು. ಈ ಹುಡುಗಿಯ ಉದ್ದನೆಯ ಕಾಲು, ಹೆಜ್ಜೆಯ ಅಳತೆ ಅವರ ಕಣ್ಣಿಗೆ ಬಿತ್ತು. ಬೇಸಿಗೆ ಶಿಬಿರಕ್ಕೆ ಕರೆದರು. ಅದಕ್ಕೆ ಮೊದಲು ಆದ ಒಂದು ಸಂಗತಿ ಮುಖ್ಯ. ಸುತ್ತಲ ಶಾಲೆಗಳ ಹುಡುಗಿಯರನ್ನು ತಾಲೀಮಿಲ್ಲದೆಯೇ ಸೋಲಿಸುತ್ತಿದ್ದ ವಿಲ್ಮಾ ಅಲಬಾಮಾ ರಾಜ್ಯದ ಟಸ್ಕೀಗಿಯಲ್ಲಿ ನಡೆದ ದೊಡ್ಡ ಕೂಟಕ್ಕೆ ಹೋಗಿ, ಓಡಿದ ಒಂದೊಂದು ಓಟದಲ್ಲೂ ಸೋತಳು. ಕಾಲಲ್ಲಿ ವೇಗ ಇದ್ದರೆ ಸಾಲದು, ಓಟವನ್ನು ಕಲಿಯಬೇಕು ಎಂದು ಅವಳಿಗೆ ಅಂದು ಗೊತ್ತಾಯಿತು. ಹೋಬಳಿಯಲ್ಲಿ ಗೆದ್ದು ಜಿಲ್ಲೆಯಲ್ಲಿ ಸೋತು ಬಂದು ಮಾರನೆಯ ದಿನದಿಂದ ಮೈದಾನಕ್ಕೇ ಬಾರದ ಮಕ್ಕಳನ್ನು ನಾನು ಕಂಡಿದ್ದೇನೆ. ವಿಲ್ಮಾ ಟೆಂಪಲ್ ಅವರ ಶಿಬಿರಕ್ಕೆ ಹೋದಳು.

1956ರಲ್ಲಿ ಹದಿನಾರು ವರ್ಷಕ್ಕೆ ಮೆಲ್ಬರ್ನ್ ಒಲಿಂಪಿಕ್ಸ್. 200 ಮೀಟರ್‌ನಲ್ಲಿ ಮೊದಲ ಸುತ್ತಿನಲ್ಲೇ ಹೊರಬಿದ್ದಳು. 4x100 ಮೀಟರ್ ರಿಲೇಯಲ್ಲಿ ತಂಡಕ್ಕೆ ಕಂಚು ಬಂತು. ಊರಿಗೆ ಮರಳಿದ ಮೇಲೆ ಶಾಲೆಯಲ್ಲಿ ಆ ಪದಕ ಮಕ್ಕಳ ಕೈಯಿಂದ ಕೈಗೆ ಹೋಗಿ ಬೆರಳಿನ ಗುರುತುಗಳಿಂದ ಮಂಕಾಯಿತು. ಎಷ್ಟು ಉಜ್ಜಿದರೂ ಕಂಚು ಹೊಳೆಯಲಿಲ್ಲ. ಮುಂದಿನ ಸಲ ಚಿನ್ನವೇ ಬೇಕೆಂದು ಅವಳು ನಿಶ್ಚಯಿಸಿದ್ದು ಆಗ.

ಆದರೆ ಮುಂದಿನದು ಅಷ್ಟು ಸುಲಭವಾಗಿ ಬರಲಿಲ್ಲ. ಇಲ್ಲಿ ಬರುವ ಸಂಗತಿಯನ್ನು ಮಕ್ಕಳ ಪುಸ್ತಕಗಳಲ್ಲಿ ಬಿಟ್ಟುಬಿಡುವವರಿದ್ದಾರೆ. ಊರ ಹಿರಿಯರು ಓದುವ ಸಂಚಿಕೆ ಎಂದು ನಾನು ಬಿಡುವುದಿಲ್ಲ. ಹಿರಿಯರು ಓದುತ್ತಾರೆ ಎಂದೇ ಬರೆಯುತ್ತಿದ್ದೇನೆ. ಹೈಸ್ಕೂಲಿನ ಕೊನೆಯ ವರ್ಷದಲ್ಲಿ, ಮದುವೆಯಿಲ್ಲದೆ ವಿಲ್ಮಾ ಗರ್ಭಿಣಿಯಾದಳು. 1958ರಲ್ಲಿ ಹೆಣ್ಣುಮಗು ಹುಟ್ಟಿತು. ತಂದೆ ತಾಯಿಗೆ ನೋವಾಗದೆ ಇರಲಿಲ್ಲ. ಆದರೆ ಅವಳನ್ನು ಹೊರಗೆ ಹಾಕಲಿಲ್ಲ, ಓದು ಬಿಡಿಸಲಿಲ್ಲ. ಮಗುವನ್ನು ಮನೆಯವರು ನೋಡಿಕೊಂಡರು. ಟೆಂಪಲ್ ಅವರ ತಂಡದಲ್ಲಿ ತಾಯಂದಿರಿಗೆ ಜಾಗವಿಲ್ಲ ಎಂಬ ನಿಯಮವಿತ್ತು. ಶಿಸ್ತಿನಲ್ಲಿ ಬಹಳ ಕಠಿಣ ಮನುಷ್ಯ ಅವರು; ಆದರೂ ಈಕೆಗಾಗಿ ಆ ನಿಯಮವನ್ನು ಸಡಿಲಿಸಿದರು. ಅದೇ ವರ್ಷ ವಿಲ್ಮಾ ವಿಶ್ವವಿದ್ಯಾಲಯಕ್ಕೆ ಸೇರಿದಳು. ಮನೆಯವರು ಬಾಗಿಲು ಹಾಕಿಕೊಂಡಿದ್ದರೆ, ಮೇಷ್ಟ್ರು ನಿಯಮವನ್ನೇ ಹಿಡಿದು ಕೂತಿದ್ದರೆ ಜಗತ್ತಿಗೆ ಅವಳ ಹೆಸರೇ ಗೊತ್ತಾಗುತ್ತಿರಲಿಲ್ಲ. ನಮ್ಮ ಶಾಲೆಯ ಮೈದಾನದಿಂದ ಜಿಲ್ಲಾ ಮಟ್ಟಕ್ಕೆ ಹೋಗಿ ಬಂದ ಎಷ್ಟೋ ಹುಡುಗಿಯರ ಓಟ ಎಸ್.ಎಸ್.ಎಲ್.ಸಿ. ಪರೀಕ್ಷೆಯ ಜೊತೆಗೇ ಮುಗಿದುಹೋಯಿತು. ಅವರು ಯಾವ ತಪ್ಪನ್ನೂ ಮಾಡಿದವರಲ್ಲ, ದೊಡ್ಡವರಾದರು, ಅಷ್ಟೆ. ಕೆಲವರ ಮದುವೆಯ ಊಟವನ್ನೂ ನಾನು ಮಾಡಿ ಬಂದಿದ್ದೇನೆ.

ವಿಶ್ವವಿದ್ಯಾಲಯವೆಂದರೆ ದೊಡ್ಡ ಕ್ರೀಡಾಂಗಣ, ಹೊಸ ಬೂಟು ಎಂದು ಎಣಿಸಬಾರದು. ಅದೂ ಕಪ್ಪು ಜನರ ಸಂಸ್ಥೆ, ಹಣದ ಕೊರತೆ ಇದ್ದದ್ದೇ. ಓಡುತ್ತಿದ್ದದ್ದು ಮಣ್ಣಿನ ಟ್ರ್ಯಾಕಿನಲ್ಲಿ. ಹೆಣ್ಣುಮಕ್ಕಳಿಗೆ ಕ್ರೀಡಾ ವಿದ್ಯಾರ್ಥಿವೇತನ ಇರಲಿಲ್ಲ. ವಿಲ್ಮಾ ದಿನಕ್ಕೆ ಎರಡು ಗಂಟೆ ಕ್ಯಾಂಪಸ್ಸಿನಲ್ಲೇ ಕೆಲಸ ಮಾಡಿ ಓದಿನ ಖರ್ಚು ತೂಗಿಸಿಕೊಂಡಳು. ಅಭ್ಯಾಸಕ್ಕೆ ಎಷ್ಟು ನಿಮಿಷ ತಡವೋ ಅಷ್ಟು ಸುತ್ತು ಹೆಚ್ಚುವರಿ ಓಡಬೇಕೆಂಬುದು ಟೆಂಪಲ್ ಅವರ ಕಟ್ಟಳೆ. ನಿದ್ದೆ ಎಂದರೆ ಈಕೆಗೆ ಪ್ರಾಣ. ಒಂದು ದಿನ ಮಲಗಿಬಿಟ್ಟು ಮೂವತ್ತು ನಿಮಿಷ ತಡವಾಗಿ ಬಂದು ಮೂವತ್ತು ಸುತ್ತು ಓಡಿದಳು. ಈ ಕಟ್ಟಳೆಯನ್ನು ನಾನೂ ನಮ್ಮ ಮೈದಾನದಲ್ಲಿ ಜಾರಿಗೆ ತಂದಿದ್ದೆ, ಹಳೆಯ ವಿದ್ಯಾರ್ಥಿಗಳಿಗೆ ನೆನಪಿರಬಹುದು. ಟೆಂಪಲ್ ನಾಲ್ಕು ದಶಕಕ್ಕೂ ಮೇಲ್ಪಟ್ಟು ಅಲ್ಲಿ ತರಬೇತಿ ಕೊಟ್ಟು 40 ಮಂದಿಯನ್ನು ಒಲಿಂಪಿಕ್ಸ್‌ಗೆ ಕಳಿಸಿದರು. ಅವರ ಹುಡುಗಿಯರಲ್ಲಿ ಹೆಚ್ಚುಕಡಿಮೆ ಎಲ್ಲರೂ ಪದವಿ ಮುಗಿಸಿದರು ಎಂಬುದು ಪದಕಗಳಿಗಿಂತ ದೊಡ್ಡದು ಎಂದು ನನ್ನ ಅಭಿಪ್ರಾಯ.

1960ರ ಜುಲೈನಲ್ಲಿ ವಿಲ್ಮಾ 200 ಮೀಟರನ್ನು 22.9 ಸೆಕೆಂಡಿನಲ್ಲಿ ಓಡಿ ವಿಶ್ವದಾಖಲೆ ಮಾಡಿದರು. 23 ಸೆಕೆಂಡಿನೊಳಗೆ ಆ ದೂರ ಓಡಿದ ಮೊದಲ ಹೆಂಗಸು. ಇನ್ನು ಮುಂದೆ ಏಕವಚನ ಬೇಡ.

ರೋಮ್ ಒಲಿಂಪಿಕ್ಸ್ ಎಂದರೆ ನಮ್ಮವರಿಗೆ ನೆನಪಾಗುವುದು ಮಿಲ್ಖಾ ಸಿಂಗ್. 400 ಮೀಟರ್‌ನಲ್ಲಿ ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ ಕಂಚು ತಪ್ಪಿತಲ್ಲ, ಅದೇ 1960ರ ಸೆಪ್ಟೆಂಬರ್. ಅದೇ ಕ್ರೀಡಾಂಗಣದಲ್ಲಿ, ಅದೇ ವಾರದಲ್ಲಿ ವಿಲ್ಮಾ ಓಡಿದರು. ಮೊದಲ ಓಟದ ಹಿಂದಿನ ದಿನ ಹುಲ್ಲಿನಲ್ಲಿ ಕಾಣದ ಒಂದು ಗುಂಡಿಗೆ ಕಾಲಿಟ್ಟು ಪಾದದ ಕೀಲು ಉಳುಕಿತ್ತು. ಅದಕ್ಕೆ ಬಿಗಿಯಾಗಿ ಪಟ್ಟಿ ಸುತ್ತಿಕೊಂಡೇ ಇಳಿದರು. 100 ಮೀಟರ್ ಸೆಮಿಫೈನಲ್‌ನಲ್ಲಿ 11.3 ಸೆಕೆಂಡು, ವಿಶ್ವದಾಖಲೆಗೆ ಸಮ. ಸೆಪ್ಟೆಂಬರ್ 2ರ ಫೈನಲ್‌ನಲ್ಲಿ 11.0 ಸೆಕೆಂಡು. ಬೆನ್ನಹಿಂದಿನ ಗಾಳಿ ಮಿತಿಗಿಂತ ಹೆಚ್ಚಿದ್ದರಿಂದ ಅದು ದಾಖಲೆಯ ಪುಸ್ತಕಕ್ಕೆ ಹೋಗಲಿಲ್ಲ. ಬ್ರಿಟನ್ನಿನ ಡೊರೊತಿ ಹೈಮನ್ ಎರಡನೆಯವರಾಗಿ ಬಂದಾಗ ನಡುವೆ ಹಲವು ಹೆಜ್ಜೆಗಳ ಅಂತರವಿತ್ತು. ಮೂರು ದಿನದ ನಂತರ 200 ಮೀಟರ್, ಎದುರುಗಾಳಿಯಲ್ಲಿ 24.0 ಸೆಕೆಂಡು, ಎರಡನೆಯ ಚಿನ್ನ. ಸುಮಾರು ಆರು ಅಡಿ ಎತ್ತರದ ಆಕೆಗೆ ಆರಂಭ ಯಾವಾಗಲೂ ನಿಧಾನ. ಮೈ ಪೂರ್ತಿ ನೆಟ್ಟಗಾದ ಮೇಲೆ ಮಾತ್ರ ಹಿಡಿಯುವವರಿರಲಿಲ್ಲ. ಓಟಗಳ ನಡುವೆ ಸಿಕ್ಕ ಹೊತ್ತಿನಲ್ಲಿ ಯಾವ ಆತಂಕವೂ ಇಲ್ಲದೆ ನಿದ್ದೆ ಮಾಡುತ್ತಿದ್ದರಂತೆ.

ರಿಲೇ ಬಗ್ಗೆ ಎರಡು ಮಾತು ಹೆಚ್ಚು ಬರೆಯುತ್ತೇನೆ, ಏಕೆಂದರೆ ನನ್ನ ಮಕ್ಕಳು ಅತಿ ಹೆಚ್ಚು ಸೋತದ್ದು ರಿಲೇಯಲ್ಲಿ, ಅದೂ ಓಟದಲ್ಲಲ್ಲ, ಬ್ಯಾಟನ್ ಕೊಡುವಲ್ಲಿ. ರೋಮ್‌ನಲ್ಲಿ ಅಮೆರಿಕಾದ ತಂಡದ ನಾಲ್ವರೂ ಟೆಂಪಲ್ ಅವರ ಶಿಷ್ಯೆಯರೇ: ಮಾರ್ತಾ ಹಡ್ಸನ್, ಲೂಸಿಂಡಾ ವಿಲಿಯಮ್ಸ್, ಬಾರ್ಬರಾ ಜೋನ್ಸ್, ಕೊನೆಯಲ್ಲಿ ವಿಲ್ಮಾ. ಸೆಮಿಫೈನಲ್‌ನಲ್ಲಿ 44.4 ಸೆಕೆಂಡು ಓಡಿ ವಿಶ್ವದಾಖಲೆ ಮಾಡಿದ್ದರು. ಸೆಪ್ಟೆಂಬರ್ 8ರ ಫೈನಲ್‌ನಲ್ಲಿ ಜೋನ್ಸ್ ಕೈಯಿಂದ ವಿಲ್ಮಾ ಕೈಗೆ ಬರುವಾಗ ಬ್ಯಾಟನ್ ಇನ್ನೇನು ಬಿದ್ದೇಹೋಗುತ್ತಿತ್ತು. ವಿಲ್ಮಾ ವೇಗ ತಗ್ಗಿಸಿ, ಅದನ್ನು ಸರಿಯಾಗಿ ಹಿಡಿದು, ಮತ್ತೆ ಓಡಬೇಕಾಯಿತು. ಅಷ್ಟರಲ್ಲಿ ಜರ್ಮನಿಯ ಯುಟಾ ಹೈನೆ ಮುಂದಾಗಿದ್ದರು. ನೂರು ಮೀಟರ್‌ನಲ್ಲಿ ಹಾಗೆ ಹಿಂದೆ ಬಿದ್ದವರು ಮುಂದಿನವರನ್ನು ಹಿಡಿಯುವುದು ಅಪರೂಪ. ವಿಲ್ಮಾ ಹಿಡಿದರು, ದಾಟಿದರು: 44.5 ಸೆಕೆಂಡು, ಜರ್ಮನಿಗೆ 44.8. ಒಂದೇ ಒಲಿಂಪಿಕ್ಸ್‌ನ ಓಟಗಳಲ್ಲಿ ಮೂರು ಚಿನ್ನ ಗೆದ್ದ ಮೊದಲ ಅಮೆರಿಕನ್ ಮಹಿಳೆ ಆಕೆ. ಯುರೋಪಿನ ಪತ್ರಿಕೆಗಳು ಜಿಂಕೆಗೆ ಹೋಲಿಸಿ ಬರೆದವು. ಯಾವ ಊರಿಗೆ ಹೋದರೂ ಜನಜಂಗುಳಿ.

ಕ್ಲಾರ್ಕ್ಸ್‌ವಿಲ್ ಪಟ್ಟಣ ಆಕೆಯ ಸ್ವಾಗತಕ್ಕೆ ಮೆರವಣಿಗೆ, ಔತಣ ಏರ್ಪಡಿಸಿತು. ಅಲ್ಲಿನ ವಾಡಿಕೆಯಂತೆ ಸಭೆ ಸಮಾರಂಭಗಳಲ್ಲಿ ಬಿಳಿಯರು ಬೇರೆ, ಕಪ್ಪು ಜನರು ಬೇರೆ. ಹಾಗೆ ಮಾಡುವುದಾದರೆ ತಾನು ಬರುವುದಿಲ್ಲವೆಂದು ವಿಲ್ಮಾ ತಿಳಿಸಿದರು. ಆಗ ವಯಸ್ಸು ಇಪ್ಪತ್ತು, ಕಾಲೇಜು ಇನ್ನೂ ಮುಗಿದಿರಲಿಲ್ಲ, ತಂದೆ ತಾಯಿ ಅದೇ ಊರಿನಲ್ಲಿ ಬಿಳಿಯರ ಕೆಲಸ ಮಾಡಿಕೊಂಡು ಬದುಕಬೇಕಾದವರು. ಊರು ಒಪ್ಪಿತು. 1960ರ ಅಕ್ಟೋಬರ್ 4ರಂದು ಕ್ಲಾರ್ಕ್ಸ್‌ವಿಲ್‌ನ ಇತಿಹಾಸದಲ್ಲೇ ಮೊದಲ ಸಲ ಎರಡೂ ಬಣ್ಣದ ಜನ ಒಂದೇ ಬೀದಿಯಲ್ಲಿ ಒಟ್ಟಿಗೆ ನಿಂತು ಮೆರವಣಿಗೆ ನೋಡಿದರು. ಸಂಜೆ ಸಾವಿರಕ್ಕೂ ಹೆಚ್ಚು ಜನ ಒಂದೇ ಸಭಾಂಗಣದಲ್ಲಿ ಕುಳಿತು ಊಟ ಮಾಡಿದರು. ಮೂರು ಚಿನ್ನದ ಪದಕಗಳನ್ನು ಒಂದು ತಕ್ಕಡಿಗೆ, ಆ ಒಂದು ಪಂಕ್ತಿಯ ಊಟವನ್ನು ಇನ್ನೊಂದು ತಕ್ಕಡಿಗೆ ಹಾಕಿದರೆ ಯಾವುದು ತೂಗುತ್ತದೆಂದು ಓದುಗರೇ ಹೇಳಲಿ.

1961ರಲ್ಲಿ ಅಧ್ಯಕ್ಷ ಕೆನೆಡಿ ಅವರ ಭೇಟಿ, ಜುಲೈನಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ 100 ಮೀಟರ್ 11.2 ಸೆಕೆಂಡಿನ ವಿಶ್ವದಾಖಲೆ, ಹಲವು ಪ್ರಶಸ್ತಿಗಳು. 1962ರಲ್ಲಿ ಸೋವಿಯತ್ ತಂಡದ ವಿರುದ್ಧದ ಕೂಟದಲ್ಲಿ ಗೆದ್ದು, ಇಪ್ಪತ್ತೆರಡನೆಯ ವಯಸ್ಸಿಗೆ ಓಟ ನಿಲ್ಲಿಸಿದರು. ಸೋತ ಮೇಲೆ ಬಿಡುವುದಕ್ಕಿಂತ ಗೆದ್ದಿರುವಾಗ ಬಿಡುವುದು ಮೇಲೆಂಬುದು ಆಕೆಯ ಲೆಕ್ಕ.

ಓಟ ಅನ್ನ ಕೊಡುವ ಕಾಲ ಅದಾಗಿರಲಿಲ್ಲ. ಹವ್ಯಾಸಿ ಆಟಗಾರರು ಹಣ ಮುಟ್ಟುವಂತಿರಲಿಲ್ಲ. 1963ರಲ್ಲಿ ಶಿಕ್ಷಣ ವಿಷಯದಲ್ಲಿ ಪದವಿ ಪಡೆದು, ಊರಿಗೆ ಮರಳಿ, ತಾವು ಓದಿದ ಕಾಬ್ ಪ್ರಾಥಮಿಕ ಶಾಲೆಯಲ್ಲೇ ಉಪಾಧ್ಯಾಯಿನಿಯಾದರು; ಬರ್ಟ್ ಹೈಸ್ಕೂಲಿನಲ್ಲಿ ಓಟದ ತರಬೇತಿ ಕೊಟ್ಟರು. ಅದೇ ವರ್ಷ ಮೇ ತಿಂಗಳಲ್ಲಿ ಆಫ್ರಿಕಾ ಪ್ರವಾಸದಿಂದ ಬಂದಿಳಿದ ಕೆಲವೇ ದಿನಗಳಲ್ಲಿ, ಕಪ್ಪು ಜನರನ್ನು ಒಳಗೆ ಬಿಡದ ಊರಿನ ಒಂದು ಹೋಟೆಲಿನ ಮುಂದೆ ಪ್ರತಿಭಟನೆಗೆ ನಿಂತರು. ಸ್ವಲ್ಪ ದಿನದಲ್ಲೇ ಹೋಟೆಲುಗಳು ಸೇರಿದಂತೆ ಊರಿನ ಸಾರ್ವಜನಿಕ ಸ್ಥಳಗಳೆಲ್ಲ ಎಲ್ಲರಿಗೂ ತೆರೆದಿವೆಯೆಂದು ಮೇಯರ್ ಘೋಷಿಸಬೇಕಾಯಿತು. ಮೂರು ವರ್ಷದ ಹಿಂದೆ ಹಾರ ಹಾಕಿದ ಊರಿನಲ್ಲಿ ಒಂದು ತಟ್ಟೆ ಊಟಕ್ಕಾಗಿ ಆಕೆ ಬೀದಿಯಲ್ಲಿ ನಿಲ್ಲಬೇಕಾಯಿತು ಎಂಬುದನ್ನೂ ಗಮನಿಸಬೇಕು.

ಆಮೇಲಿನ ವರ್ಷಗಳು ಸುಗಮವಾಗಿರಲಿಲ್ಲ. ಎರಡು ಮದುವೆಗಳೂ ಮುರಿದವು. ನಾಲ್ಕು ಮಕ್ಕಳನ್ನು ಸಾಕುತ್ತಾ ಒಂದು ಊರಿನಿಂದ ಇನ್ನೊಂದು ಊರಿಗೆ, ಒಂದು ಕೆಲಸದಿಂದ ಇನ್ನೊಂದು ಕೆಲಸಕ್ಕೆ ಹೋದರು. ಜಗತ್ತಿನ ಅತಿ ವೇಗದ ಹೆಂಗಸು ಎನಿಸಿಕೊಂಡವರಿಗೆ ಮನೆಯ ಖರ್ಚು ತೂಗಿಸುವುದು ಕಷ್ಟವಾಗಿತ್ತು. 1977ರಲ್ಲಿ ಆತ್ಮಕಥೆ ಬಂತು, ಅದು ಟಿ.ವಿ. ಚಿತ್ರವೂ ಆಯಿತು. 1981ರಲ್ಲಿ ಇಂಡಿಯಾನಾಪೊಲಿಸ್ ನಗರದಲ್ಲಿ ತಮ್ಮ ಹೆಸರಿನ ಪ್ರತಿಷ್ಠಾನ ಕಟ್ಟಿ, ಬಡ ಮಕ್ಕಳಿಗೆ ಉಚಿತ ಓಟದ ತರಬೇತಿ ಮತ್ತು ಪಾಠಕ್ಕೆ ನೆರವು ಕೊಡಿಸಿದರು. 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಫ್ಲಾರೆನ್ಸ್ ಗ್ರಿಫಿತ್ ಜಾಯ್ನರ್ ಮೂರು ಚಿನ್ನ ಗೆದ್ದಾಗ ಸಂತೋಷಪಟ್ಟರು.

1994ರಲ್ಲಿ ತಾಯಿ ಬ್ಲಾಂಚ್ ತೀರಿಕೊಂಡರು. ಅದೇ ವರ್ಷ ವಿಲ್ಮಾಗೆ ಕ್ಯಾನ್ಸರ್ ಇರುವುದು ಗೊತ್ತಾಯಿತು. ನವೆಂಬರ್ 12ರಂದು, ನ್ಯಾಶ್‌ವಿಲ್ ಪಕ್ಕದ ಬ್ರೆಂಟ್‌ವುಡ್‌ನ ಮನೆಯಲ್ಲಿ, ಐವತ್ತನಾಲ್ಕನೆಯ ವಯಸ್ಸಿಗೆ ತೀರಿಕೊಂಡರು. ಟೆನೆಸೀ ರಾಜ್ಯದಾದ್ಯಂತ ಬಾವುಟವನ್ನು ಅರ್ಧಕ್ಕೆ ಇಳಿಸಿದರು. ಅಂತ್ಯಸಂಸ್ಕಾರ ನಡೆದದ್ದು ಕ್ಲಾರ್ಕ್ಸ್‌ವಿಲ್‌ನಲ್ಲಿ. ಆ ಊರಿನ ಒಂದು ಮುಖ್ಯ ರಸ್ತೆಗೆ ಈಗ ವಿಲ್ಮಾ ರುಡಾಲ್ಫ್ ರಸ್ತೆ ಎಂದು ಹೆಸರು.